ಬಿಟ್ಟುಹೋದ ಶಬ್ದ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಎಲೆಯಡಿಕೆ, ಇನ್ನು ಕೆಲವರಿಗೆ ನೆರೆಮನೆಯ ಸುದ್ದಿ. ನನ್ನದು ಇವಾವುವೂ ಅಲ್ಲ. ಎಲ್ಲಿಯಾದರೂ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಣ್ಣಿಗೆ ಬಿದ್ದರೆ ಅವನ್ನು ಒಡೆದು, ಹಿಂದುಮುಂದು ಮಾಡಿ, ಬೇರೆ ಶಬ್ದಗಳನ್ನು ಕಟ್ಟುವುದು ನನ್ನ ಚಟ. ಔಷಧದ ಸೀಸೆಯಾದರೂ ಸರಿ, ಬಸ್ಸಿನ ಹಣೆಯ ಮೇಲಿನ ಫಲಕವಾದರೂ ಸರಿ. ಧಾರವಾಡದ ರೈಲು ನಿಲ್ದಾಣದಲ್ಲಿ ಗಾಡಿ ತಡವಾದಾಗ ಎಲ್ಲರೂ ಗಡಿಯಾರವನ್ನು ನೋಡಿ ಗೊಣಗುತ್ತಾರೆ. ನಾನು ಊರಿನ ಹೆಸರನ್ನು ಹೊತ್ತ ಹಳದಿ ಹಲಗೆಯನ್ನು ನೋಡುತ್ತ ನಿಲ್ಲುತ್ತೇನೆ. ಆ ಏಳು ಅಕ್ಷರಗಳೊಳಗೆ ಕಠಿಣವೆಂಬರ್ಥದ 'ಹಾರ್ಡ್' ಇದೆ, ಎಳೆಯುವ 'ಡ್ರಾ' ಇದೆ, ಆಸ್ಪತ್ರೆಯ 'ವಾರ್ಡ್' ಇದೆ, ಯುದ್ಧದ 'ವಾರ್' ಇದೆ, ಪ್ರಶಸ್ತಿಯೆಂಬ 'ಅವಾರ್ಡ್' ಕೂಡ ಇದೆ. ಸಾಹಿತಿಗಳ ಊರಿನ ಹೆಸರಿನಲ್ಲಿ ಪ್ರಶಸ್ತಿಯೂ ಯುದ್ಧವೂ ಒಟ್ಟಿಗೇ ಅಡಗಿರುವುದು ಆಶ್ಚರ್ಯವೇನಲ್ಲ ಎಂದು ನನ್ನ ಗೆಳೆಯರೊಬ್ಬರು ನಗುತ್ತಾರೆ.

ಈ ಚಟ ನನಗೆ ಬಂದದ್ದು ಕಾಲೇಜಿನಲ್ಲಲ್ಲ, ಪಟ್ಟಣದ ಯಾವ ಕ್ಲಬ್ಬಿನಲ್ಲಿಯೂ ಅಲ್ಲ. ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಗೋಧಿ ಹಸನು ಮಾಡುತ್ತ ಕುಳಿತ ನನ್ನ ಅಕ್ಕನಿಂದ. ಆ ಸಂಗತಿಯನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿದವನಲ್ಲ. ಹೇಳದೆ ಇದ್ದುದಕ್ಕೆ ಕಾರಣವಿತ್ತು. ಈಗ ಹೇಳುತ್ತಿರುವುದಕ್ಕೂ ಕಾರಣವಿದೆ.

ನಮ್ಮ ಭಾಗವನ್ನು ಬಲ್ಲವರಿಗೆ ಎರಿ ಭೂಮಿಯ ಬಗ್ಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಆ ಕರಿಮಣ್ಣು, ಶ್ರಾವಣದ ಮಳೆಗೆ ಕಾಲನ್ನು ಹಿಡಿದರೆ ಬಿಡುವುದಿಲ್ಲ. ಹತ್ತಿ, ಜೋಳ, ಗೋಧಿ, ಕಡಲೆ, ಕುಸುಬಿ ನಮ್ಮ ಬೆಳೆಗಳು. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ ಮುಲ್ಕಿ ಪರೀಕ್ಷೆಗೆ ಕಟ್ಟುವುದು ಆಗಿನ ಪದ್ಧತಿ. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಆ ಪರೀಕ್ಷೆಯಲ್ಲಿ ನಮ್ಮೂರ ಮಕ್ಕಳಿಗೆಲ್ಲ ಮುಂದಾಗಿ ತೇರ್ಗಡೆಯಾದಳು. ಮುಂದಿನ ಓದಿಗೆ ನವಲಗುಂದಕ್ಕೆ ಹೋಗಬೇಕು. “ಹೆಣ್ಣುಹುಡುಗಿ ಒಬ್ಬಾಕಿ ನವಲಗುಂದದಾಗ ಎಲ್ಲಿ ಇರಬೇಕು?” ಎಂದು ಅಪ್ಪ ಕೇಳಿದರು. ಅವರು ಕಠೋರರಲ್ಲ, ಆ ಪ್ರಶ್ನೆಗೆ ಉತ್ತರ ಕಾಣದೆಯೇ ಕೇಳಿದ್ದರು. ಮನೆಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅಕ್ಕನ ಪಾಟಿ ಅಟ್ಟವನ್ನೇರಿತು. ಎರಡು ವರ್ಷದ ಮೇಲೆ ನಾನು ಮುಲ್ಕಿ ಮುಗಿಸಿದಾಗ ಅದೇ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಂಟರ ಮನೆಯಲ್ಲಿ ನನಗೆ ಒಂದು ಮೂಲೆ, ಒಂದು ತಗಡಿನ ಟ್ರಂಕು ಸಿದ್ಧವಾದವು. ಅದು 1963ನೆಯ ಇಸವಿ.

ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಊರಿಗೆ ಬರುತ್ತಿದ್ದೆ. ಅವ್ವ ನನ್ನ ಹೊಟ್ಟೆಯ ಯೋಗಕ್ಷೇಮ ವಿಚಾರಿಸಿದರೆ ಅಕ್ಕ ನನ್ನ ಚೀಲದ ಯೋಗಕ್ಷೇಮ ವಿಚಾರಿಸುವಳು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಅವಳು ಕಲಿತಿದ್ದಳು. ಶಬ್ದಗಳು ಮಾತ್ರ ಕೈಬೆರಳಿನಲ್ಲಿ ಎಣಿಸುವಷ್ಟು. ನನ್ನ ಪಾಠದ ಪುಸ್ತಕವನ್ನು ಶನಿವಾರ ಸಂಜೆಯಿಂದ ರವಿವಾರ ರಾತ್ರಿಯವರೆಗೆ ಅವಳು ಓದುವಳು. ಓದುವಳೆನ್ನುವುದಕ್ಕಿಂತ, ಅಪರಿಚಿತರ ಮನೆಯ ಬಾಗಿಲ ಸಂದಿಯಿಂದ ಇಣುಕಿದಂತೆ ನೋಡುವಳು ಎನ್ನಬೇಕು.

ಪಂಚಮಿಯ ರಜೆ ಬಂತು. ನಮ್ಮ ಇಂಗ್ಲಿಷ್ ಮಾಸ್ತರರು ವಿನೋದಪ್ರಿಯರು. ರಜೆಗೆ ಮುನ್ನ ಹಲಗೆಯ ಮೇಲೆ ನವಲಗುಂದ ಎಂದು ಇಂಗ್ಲಿಷಿನಲ್ಲಿ ಬರೆದು, ಆ ಒಂಬತ್ತು ಅಕ್ಷರಗಳಿಂದ ಎಷ್ಟು ಇಂಗ್ಲಿಷ್ ಶಬ್ದಗಳು ಹುಟ್ಟುತ್ತವೆಯೋ ಅಷ್ಟನ್ನೂ ಬರೆದು ತರುವಂತೆ ಹೇಳಿದರು. ನಿಯಮ ಸರಳ. ಹೆಸರಿನಲ್ಲಿ ಒಂದು ಅಕ್ಷರ ಎಷ್ಟು ಸಲ ಇದೆಯೋ ಅದಕ್ಕಿಂತ ಹೆಚ್ಚು ಸಲ ಅದನ್ನು ಬಳಸಕೂಡದು. 'ಎನ್' ಎರಡು, 'ಎ' ಎರಡು. 'ವಿ', 'ಎಲ್', 'ಜಿ', 'ಯು', 'ಡಿ' ಒಂದೊಂದು. ಎಲ್ಲರಿಗಿಂತ ಹೆಚ್ಚು ಶಬ್ದ ತಂದವನಿಗೆ ಇಂಗ್ಲಿಷ್–ಕನ್ನಡ ಅರ್ಥಕೋಶವೊಂದು ಬಹುಮಾನ.

ಕನ್ನಡದಲ್ಲಿ ಇಂಥ ಆಟ ಇದೇ ರೀತಿಯಲ್ಲಿ ನಡೆಯುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ 'ನವ'ವನ್ನು ತಿರುಗಿಸಿದರೆ 'ವನ' ಬಂದೀತು, 'ರಸ'ವನ್ನು ತಿರುಗಿಸಿದರೆ 'ಸರ' ಬಂದೀತು, 'ವಿಕಟಕವಿ'ಯನ್ನು ಹೇಗೆ ಓದಿದರೂ ವಿಕಟಕವಿಯೇ. ಆದರೆ 'ಕೋಳಿ'ಯನ್ನು ತಿರುಗಿಸಿದರೆ ಏನೂ ಬಾರದು. ನಮ್ಮ ಲಿಪಿಯಲ್ಲಿ ಸ್ವರವು ವ್ಯಂಜನದ ಮೈಗೇ ಅಂಟಿಕೊಂಡಿರುತ್ತದೆ. ಕ-ಕಾರದ ತಲೆಯಿಂದ ಓ-ಕಾರವನ್ನು ಕಿತ್ತು ಬೇರೆಯವರಿಗೆ ಕೊಡಲು ಬಾರದು. ಇಂಗ್ಲಿಷಿನ ಸ್ವರಗಳು ಒಂಟಿ ಬಾಳಿನವು. ಎಲ್ಲಿ ಬೇಕಾದರೂ ಹೋಗಿ ಕೂರುತ್ತವೆ. ಹಾಗೆಂದು ನಮ್ಮವರು ಅಕ್ಷರಗಳೊಡನೆ ಆಡಲಿಲ್ಲವೆಂದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದ ಕಾಲದಿಂದಲೂ ಚಿತ್ರಕವಿತ್ವದ ವಿಚಾರ ನಮ್ಮ ಲಾಕ್ಷಣಿಕರಲ್ಲಿದೆ. ಪಂಡಿತರು ಆಡಿದ ಆ ಆಟವನ್ನು ಇಂಗ್ಲಿಷಿನಲ್ಲಿ ಪಾಮರನೂ ಆಡಬಹುದೆಂಬುದಷ್ಟೇ ವ್ಯತ್ಯಾಸ.

ಮೊದಲ ದಿನ ನಾನೊಬ್ಬನೇ ಕುಳಿತು ಒಂಬತ್ತು ಶಬ್ದ ಬರೆದೆ. ಹತ್ತನೆಯದು ಬರಲೊಲ್ಲದು. ಜೋಕಾಲಿಯ ಕಡೆಗೆ ಮನಸ್ಸು ಎಳೆಯುತ್ತಿತ್ತು. ಪಟ್ಟಿಯನ್ನು ಅಕ್ಕನ ಮುಂದೆ ಬಿಸುಟು ಹೊರಟುಹೋದೆ.

ಸಂಜೆ ಬಂದು ನೋಡುತ್ತೇನೆ: ಅಕ್ಕ ಹಳೆಯ ಕ್ಯಾಲೆಂಡರಿನ ರಟ್ಟನ್ನು ಕತ್ತರಿಸಿ, ಒಂದೊಂದು ಚೂರಿನ ಮೇಲೆ ಒಂದೊಂದು ಅಕ್ಷರ ಬರೆದು, ಪಡಸಾಲೆಯ ಜಮಖಾನೆಯ ಮೇಲೆ ಹರಡಿಕೊಂಡು ಕುಳಿತಿದ್ದಾಳೆ. ನವಲಗುಂದದ ಜಮಖಾನೆಗಳು ಈಗ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದು ಪ್ರಸಿದ್ಧವಾಗಿವೆ. ಆಗ ನಮಗೆ ಅದು ಬೀಗರು ಬಂದಾಗ ಹಾಸುವ ಹಾಸಿಗೆ ಮಾತ್ರ. ನಮ್ಮ ಮನೆಯದರ ಮೇಲೆ ಪಗಡೆ ಹಾಸಿನ ಚೌಕಗಳಿದ್ದವು. ಒಂದು ಚೌಕಕ್ಕೆ ಒಂದು ಚೂರು ಇಟ್ಟು, ತೆಗೆದು, ಮತ್ತೆ ಇಟ್ಟು ಅಕ್ಕ ಶಬ್ದ ಹುಡುಕುತ್ತಿದ್ದಳು. ಮೊದಲು ಅವಳ ಕಣ್ಣಿಗೆ ಬಿದ್ದುದು ನಾನು ಕಾಣದೆ ಬಿಟ್ಟಿದ್ದ ಒಂದು ತಮಾಷೆ. ಊರಿನ ಹೆಸರನ್ನು ಕದಲಿಸದೆಯೇ ಮೊದಲ ಐದು ಅಕ್ಷರಗಳನ್ನು ಓದಿದರೆ 'ನೇವಲ್', ಎಂದರೆ ನೌಕಾಪಡೆಗೆ ಸೇರಿದ್ದು. ಮುಂದಿನ ಮೂರು ಓದಿದರೆ 'ಗನ್', ಎಂದರೆ ತೋಪು. ಕೊನೆಗೆ ಒಂದು 'ಡಿ' ಉಳಿಯುತ್ತದೆ. ನವಿಲುಗಳ ಗುಡ್ಡವೆಂದು ಹಿರಿಯರು ಅರ್ಥ ಹೇಳುವ ಊರು, ಇಂಗ್ಲಿಷಿನವನ ಬಾಯಲ್ಲಿ ಹಡಗಿನ ತೋಪಾಗಿಬಿಟ್ಟಿತ್ತು. ಕುಡಿಯುವ ನೀರಿಗೇ ಹಾಹಾಕಾರವಿದ್ದ ಸೀಮೆಯಲ್ಲಿ ಹಡಗನ್ನು ತೇಲಿಸುವುದೆಲ್ಲಿ ಎಂದು ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆದರೆ ಅಕ್ಕನಿಗೆ ತಿಳಿದ ಶಬ್ದಗಳು ಬೇಗ ತೀರಿದವು. ಮರುದಿನ ಅವಳು ಕನ್ನಡ ಶಾಲೆಯ ಮಾಸ್ತರರ ಮನೆಗೆ ಹೋಗಿ, ಎರಡು ವಾರದ ಕರಾರಿನ ಮೇಲೆ ಅವರ ಅರ್ಥಕೋಶವನ್ನು ಕೇಳಿ ತಂದಳು. ಆಮೇಲೆ ಅವಳು ಮಾಡಿದ ಕೆಲಸವನ್ನು ನೆನೆದರೆ ನನಗೆ ಇಂದಿಗೂ ವಿಸ್ಮಯವಾಗುತ್ತದೆ. ಪುಸ್ತಕವನ್ನೆಲ್ಲ ಓದುವ ಗೋಜಿಗೆ ಅವಳು ಹೋಗಲಿಲ್ಲ. ನಮ್ಮ ಹೆಸರಿನಲ್ಲಿ ಇರುವುದು ಏಳು ಬಗೆಯ ಅಕ್ಷರ. ಆ ಏಳರಿಂದ ಆರಂಭವಾಗುವ ಪುಟಗಳನ್ನಷ್ಟೇ ನೋಡಿದರೆ ಸಾಕು. ಆ ಪುಟಗಳಲ್ಲಿಯೂ, ಶಬ್ದದ ಎರಡನೆಯ ಅಕ್ಷರ ಹೊರಗಿನದಾದರೆ ಮುಂದೆ ಓದುವ ಅಗತ್ಯವೇ ಇಲ್ಲ. ಅಂಥ ಶಬ್ದಗಳ ಗುಂಪನ್ನೇ ದಾಟಿಬಿಡಬಹುದು. “ಗೋಧಿ ಹಸನ ಮಾಡಿಧಂಗ ನೋಡು. ಕಾಳು ಒಂದೊಂದ ಎಣಸಾಕ ಹೋಗಬಾರದು, ಹಳ್ಳು ಕಂಡಕೂಡ್ಲೆ ತಗದ ಒಗೀಬೇಕು” ಎಂದಳು. ಗೋಧಿಯ ಮೊರ ಒಂದು ಮಗ್ಗುಲಿಗೆ, ಅರ್ಥಕೋಶ ಒಂದು ಮಗ್ಗುಲಿಗೆ. ಒಂದು ಕೈ ಅಲ್ಲಿ, ಒಂದು ಕಣ್ಣು ಇಲ್ಲಿ.

ಹೀಗೆ ಸಿಕ್ಕಿದುವು: ಶ್ವಾಸಕೋಶದ 'ಲಂಗ್', ಸೆಗಣಿಯ 'ಡಂಗ್', ಹೊಗಳುವ 'ಲಾಡ್', ಇಮ್ಮಡಿಯ 'ಡ್ಯುಯಲ್', ಜ್ವಾಲಾಮುಖಿಯ 'ಲಾವಾ', ಪೇರಲಹಣ್ಣಿನ 'ಗ್ವಾವಾ'. ಪೇರಲ ಸಿಕ್ಕ ದಿನ ಅಕ್ಕ ಹಿಗ್ಗಿ, ನವಲಗುಂದದ ಹೊಟ್ಟೆಯಲ್ಲಿ ಹಣ್ಣಿದೆಯೆಂದು ಅವ್ವನಿಗೂ ಹೇಳಿ ಬಂದಳು. ಆಫ್ರಿಕದ 'ನೂ' ಎಂಬ ಮೃಗವೂ ಬಂತು. ಸುಂದರವಾದುದನ್ನು ಹಾಳುಗೆಡಹುವವನಾದ 'ವ್ಯಾಂಡಲ್' ಬಂದ. ಕೊನೆಗೆ ರದ್ದುಪಡಿಸುವುದೆಂಬರ್ಥದ 'ಅನಲ್' ಬಂತು. ಎರಡು 'ಎನ್'ಗಳೂ ಒಂದೇ ಶಬ್ದದಲ್ಲಿ ಪಕ್ಕಪಕ್ಕದಲ್ಲೇ ಕುಳಿತ ಆ ಶಬ್ದವನ್ನು ಅಕ್ಕ ಎರಡು ಸಲ ಮುಟ್ಟಿ ನೋಡಿದಳು. ನನ್ನ ಒಂಬತ್ತೂ ಸೇರಿ ಒಟ್ಟು 23 ಶಬ್ದಗಳಾದವು. ಪ್ರತಿಯೊಂದರ ಮುಂದೆ ಅರ್ಥವನ್ನೂ ದುಂಡಾದ ಕನ್ನಡದಲ್ಲಿ ಬರೆದು ಕೈಗೆ ಕೊಟ್ಟಳು. ಕರಾರಿನಂತೆ ಅರ್ಥಕೋಶ ಮಾಸ್ತರರ ಮನೆಗೆ ಹಿಂದಿರುಗಿತು.

ಮುಂದಿನದನ್ನು ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯಲೇಬೇಕು. ನಾನು ಆ ಪಟ್ಟಿಯನ್ನು ನನ್ನ ಕೈಬರಹದಲ್ಲಿ ನಕಲು ಮಾಡಿ, ಅರ್ಥಗಳನ್ನು ಬಿಟ್ಟು, ನನ್ನ ಹೆಸರು ಬರೆದು ಒಪ್ಪಿಸಿದೆ. ನನ್ನ ಹಿಂದಿನ ಹುಡುಗನದು 14 ಶಬ್ದ. ಮಾಸ್ತರರು ನನ್ನ ಪಟ್ಟಿಯನ್ನು ತರಗತಿಗೆ ಓದಿ ಹೇಳಿ, ನಡುವೆ ನಿಲ್ಲಿಸಿ, 'ಅನಲ್' ಎಂದರೇನೆಂದು ಕೇಳಿದರು. ನಾನು ನೆಲ ನೋಡಿದೆ. “ಶಬ್ದವನ್ನು ಹಿಡಿದು ತಂದವನಿಗೆ ಅದರ ಅರ್ಥದ ಗೊಡವೆಯಿಲ್ಲ” ಎಂದು ನಕ್ಕು ಅವರು ಬಹುಮಾನ ಕೊಟ್ಟರು. ಮೊದಲ ಪುಟದಲ್ಲಿ ಕೆಂಪು ಮಸಿಯಿಂದ ನನ್ನ ಹೆಸರು ಬರೆದಿದ್ದರು.

ಶನಿವಾರ ಅಕ್ಕ ಅಗಸೆಯ ಬಾಗಿಲಿಗೇ ಬಂದು ನಿಂತಿದ್ದಳು. “ಏನಾತೋ ತಮ್ಮಾ?” ಎಂದಳು. ಆ ಪುಸ್ತಕ ಮನೆಗೆ ಬಂದರೆ ಅದು ಅಕ್ಕನ ಪುಸ್ತಕವಾಗುತ್ತದೆಂಬುದು ನನಗೆ ತಿಳಿದಿತ್ತು. ಹದಿಮೂರು ವರ್ಷದ ಹುಡುಗನ ಆಸೆ ದೊಡ್ಡದಲ್ಲ, ಆದರೆ ಗಟ್ಟಿ. “ಎರಡನೇ ನಂಬರು ಬಂತು. ಇನ್ನೊಬ್ಬ ಹುಡುಗಂದು ನಮಗಿಂತ ಹೆಚ್ಚಿದ್ದವು” ಎಂದೆ. ಪುಸ್ತಕ ನವಲಗುಂದದಲ್ಲಿ ನನ್ನ ಟ್ರಂಕಿನ ತಳದಲ್ಲಿತ್ತು.

ಅಕ್ಕ ಸಿಟ್ಟಾಗಲಿಲ್ಲ, ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಾ ಯಾವ ಶಬ್ದ ಬಿಟ್ಟಿದ್ನಿ?” ಎಂದು ಕೇಳಿದಳು.

ಈ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಅಕ್ಕ ಮತ್ತೆ ರಟ್ಟಿನ ಚೂರುಗಳನ್ನು ತೆಗೆದಳು. ಈಗ ಅರ್ಥಕೋಶವಿರಲಿಲ್ಲ. ಕೈಗೆ ಬಂದಂತೆ ಅಕ್ಷರ ಜೋಡಿಸಿ ಇಡುವಳು, ಶನಿವಾರ ನಾನು ಬಂದಾಗ “ಇದು ಶಬ್ದ ಹೌದೇನೋ?” ಎಂದು ಕೇಳುವಳು. ಅಲ್ಲವೆಂದರೆ ಆ ಚೂರುಗಳನ್ನು ಕಲಸಿ ಇನ್ನೊಂದನ್ನು ಇಡುವಳು. ಎಷ್ಟೋ ಶನಿವಾರ ಹೀಗೆ ನಡೆಯಿತು. ಅವಳು ಹುಡುಕುತ್ತಿದ್ದುದು ಇಲ್ಲದ ಹುಡುಗನೊಬ್ಬ ಬರೆಯದ ಶಬ್ದಗಳನ್ನು.

ನಾನು ಮನಸ್ಸಿನ ಭಾರ ಇಳಿಸಿಕೊಳ್ಳಲು ಅವಳಿಗೆ ಹೊಸ ಹೊಸ ಆಟಗಳನ್ನು ತಂದು ಕೊಡುತ್ತಿದ್ದೆ. ಐದೂ ಸ್ವರಗಳಿರುವ ಶಬ್ದ ಹೇಳು ಎಂದರೆ ಅಕ್ಕ ನನ್ನ ಪಠ್ಯಪುಸ್ತಕದಲ್ಲಿ ಎರಡು ವಾರ ಹುಡುಕಿ, 'ಎಜುಕೇಶನ್' ಎಂಬುದನ್ನು ಹಿಡಿದು ತೋರಿಸಿದಳು. ಇ, ಯು, ಎ, ಐ, ಓ, ಐದೂ ಒಂದೊಂದೇ ಸಲ. “ವಿದ್ಯಾ ಅಂದ್ರ ಎಲ್ಲಾ ಸ್ವರಾನೂ ಬೇಕಾಗತಾವಲ್ಲೋ” ಎಂದು ನಕ್ಕಳು. ಅದೇ ಸ್ವರಗಳು ವರ್ಣಮಾಲೆಯ ಕ್ರಮದಲ್ಲಿಯೇ ಬರುವ ಶಬ್ದಗಳೂ ಇಂಗ್ಲಿಷಿನಲ್ಲಿವೆಯೆಂದು ನಾನು ಕಾಲೇಜಿಗೆ ಹೋದಮೇಲೆ ತಿಳಿದೆ. ಕುಚೋದ್ಯದವನೆಂಬರ್ಥದ 'ಫೆಸೀಶಸ್', ಮಿತಾಹಾರಿಯೆಂಬರ್ಥದ 'ಆಬ್‌ಸ್ಟೀಮಿಯಸ್' ಅಂಥವು. ಇದಕ್ಕೆ ವಿರುದ್ಧವಾಗಿ, ಲಯವೆಂಬರ್ಥದ 'ರಿದಮ್' ಶಬ್ದದಲ್ಲಿ ಆ ಐದರಲ್ಲಿ ಒಂದೂ ಇಲ್ಲ. 'ವೈ' ಎಂಬ ವ್ಯಂಜನವೇ ಸ್ವರದ ಕೆಲಸ ಮಾಡುತ್ತದೆ.

ಇನ್ನೊಂದು ಸಂಗತಿಯನ್ನು ಅಕ್ಕ ತಾನಾಗಿಯೇ ಕಂಡುಹಿಡಿದಳು. ಬೇರೆ ಶಬ್ದಗಳ ಆಟಕ್ಕೆಂದು ಅವಳು ಎಲ್ಲ ಅಕ್ಷರಗಳ ಚೂರುಗಳನ್ನೂ ಸಮನಾಗಿ ಐದೈದು ಕತ್ತರಿಸಿಟ್ಟಿದ್ದಳು. 'ಇ' ಎಂಬ ಅಕ್ಷರ ಯಾವಾಗಲೂ ಸಾಲದೆ ಬರುತ್ತಿತ್ತು; 'ಕ್ಯೂ' ಮತ್ತು 'ಝೆಡ್' ಡಬ್ಬಿಯಲ್ಲಿ ಬಿದ್ದೇ ಇರುತ್ತಿದ್ದವು. ಆಗ ಅವಳು ನನ್ನ ಪುಸ್ತಕದ ಒಂದು ಪುಟದ ಅಕ್ಷರಗಳನ್ನೆಲ್ಲ ಎಣಿಸಿ, ಯಾವುದು ಎಷ್ಟು ಸಲ ಬಂದಿದೆಯೆಂದು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿ, ಅದಕ್ಕೆ ತಕ್ಕಂತೆ ಚೂರುಗಳನ್ನು ಹೊಸದಾಗಿ ಮಾಡಿದಳು.

ಎಷ್ಟೋ ವರ್ಷಗಳ ಮೇಲೆ, ಸರಕಾರಿ ನೌಕರಿಯಲ್ಲಿದ್ದಾಗ, 'ಸ್ಕ್ರ್ಯಾಬಲ್' ಎಂಬ ಆಟದ ಹುಟ್ಟಿನ ಕಥೆಯನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅಮೆರಿಕದಲ್ಲಿ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದ. ವೃತ್ತಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದರಂತೆ ಅಕ್ಷರದ ಬಿಲ್ಲೆಗಳನ್ನು ಮಾಡಿದ. 1938ರ ಹೊತ್ತಿಗೆ ಬಿಲ್ಲೆಗಳನ್ನು ಹಲಗೆಯ ಚೌಕಗಳ ಮೇಲೆ ಅಡ್ಡವಾಗಿ ಉದ್ದವಾಗಿ ಜೋಡಿಸುವ ಆಟ ಸಿದ್ಧವಾಯಿತು. 1948ರಲ್ಲಿ ಜೇಮ್ಸ್ ಬ್ರೂನೊ ಎಂಬವರು ಅದಕ್ಕೆ ಈಗಿನ ಹೆಸರಿಟ್ಟು ಮಾರಾಟಕ್ಕೆ ತಂದರು. ಅದರಲ್ಲಿ ಒಟ್ಟು 100 ಬಿಲ್ಲೆ. 'ಇ' 12, 'ಎ' ಮತ್ತು 'ಐ' ಒಂಬತ್ತೊಂಬತ್ತು. 'ಕ್ಯೂ', 'ಝೆಡ್' ಒಂದೊಂದೇ, ಅವಕ್ಕೆ ಬೆಲೆ ಹತ್ತು ಹತ್ತು ಅಂಕ. ಅಕ್ಕನ ಡಬ್ಬಿಯಲ್ಲಿ 'ಇ' ಹನ್ನೊಂದಿದ್ದವು, 'ಕ್ಯೂ' ಒಂದೇ ಇತ್ತು. ಕೆಲಸವಿಲ್ಲದ ಅಮೆರಿಕದ ವಾಸ್ತುಶಿಲ್ಪಿಯೂ, ಕೈತುಂಬ ಕೆಲಸವಿದ್ದ ತಿರ್ಲಾಪುರದ ಹುಡುಗಿಯೂ ಒಂದೇ ಲೆಕ್ಕಕ್ಕೆ ಬಂದು ಮುಟ್ಟಿದ್ದರು.

'ಇ' ಎಂಬುದರ ಪ್ರತಾಪವೇ ಅಂಥದು. ತಂತಿಯ ಮೋರ್ಸ್ ಸಂಕೇತದಲ್ಲಿ ಅದಕ್ಕೆ ಒಂದೇ ಚುಕ್ಕೆ; ಹೆಚ್ಚು ಬರುವ ಅಕ್ಷರಕ್ಕೆ ಕಡಮೆ ಶ್ರಮವೆಂಬ ಲೆಕ್ಕ. ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತಾದರೂ ಆ ಲೆಕ್ಕ ಸುಳ್ಳಾಗಲಿಲ್ಲ. ಅರ್ನೆಸ್ಟ್ ವಿನ್ಸೆಂಟ್ ರೈಟ್ ಎಂಬ ಅಮೆರಿಕದ ಲೇಖಕನಂತೂ 1939ರಲ್ಲಿ ಐವತ್ತು ಸಾವಿರ ಶಬ್ದಗಳ ಕಾದಂಬರಿಯೊಂದನ್ನು 'ಇ' ಅಕ್ಷರದ ಶಬ್ದಗಳನ್ನೆಲ್ಲ ದೂರವಿಟ್ಟು ಬರೆದು ಮುಗಿಸಿದ. ತಿರ್ಲಾಪುರದ ಹೆಸರಿನಲ್ಲಿಯೂ ನವಲಗುಂದದ ಹೆಸರಿನಲ್ಲಿಯೂ 'ಇ' ಇಲ್ಲವೆಂಬುದನ್ನು ಆ ಮಹಾನುಭಾವನಿಗೆ ಯಾರಾದರೂ ತಿಳಿಸಿದ್ದರೆ ಅವನು ನಮ್ಮ ಕಡೆಗೇ ಬಂದು ನೆಲಸುತ್ತಿದ್ದನೋ ಏನೋ.

ಅಕ್ಕನನ್ನು ಅಣ್ಣಿಗೇರಿಗೆ ಕೊಟ್ಟರು. ಆದಿಕವಿ ಪಂಪನ ನಂಟಿನ ಊರು. ಅಕ್ಷರಕ್ಕೆ ಕೊರತೆಯಾಗಬಾರದ ಊರು. ಆದರೆ ದೊಡ್ಡ ಒಕ್ಕಲುತನದ ಮನೆಯಲ್ಲಿ ಸೊಸೆಗೆ ಪುಸ್ತಕ ಹಿಡಿಯುವ ವೇಳೆಯೆಲ್ಲಿ? ರಟ್ಟಿನ ಡಬ್ಬಿಯನ್ನು ಮಾತ್ರ ಅವಳು ಸೀರೆಗಳ ನಡುವೆ ಇಟ್ಟುಕೊಂಡು ಹೋದಳು. ತನ್ನ ಮಗಳು ಹೈಸ್ಕೂಲಿಗೆ ಹೋಗುವ ಪ್ರಸಂಗ ಬಂದಾಗ, ಹಿಂದೆ ಅಪ್ಪ ಕೇಳಿದ್ದ ಪ್ರಶ್ನೆಯನ್ನು ಆ ಮನೆಯಲ್ಲಿಯೂ ಕೇಳಿದರಂತೆ. ಅಕ್ಕ ಒಲೆ ಹಚ್ಚದೆ ಒಂದು ದಿನ ಕುಳಿತಳಂತೆ. ಮಗಳು ಮುಂದೆ ಎಂ.ಎಸ್‌ಸಿ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಿದಳು. ಬಹುಮಾನದ ಅರ್ಥಕೋಶ ನನ್ನ ಜೊತೆಯಲ್ಲಿಯೇ ವರ್ಗವಾಗುತ್ತ ಊರೂರು ತಿರುಗಿ, ನಿವೃತ್ತಿಯ ಮೇಲೆ ಧಾರವಾಡದ ಮನೆಯ ಕಪಾಟು ಸೇರಿತು. ಅದೇ ಧಾರವಾಡದಲ್ಲಿದ್ದು ದುಡಿದ ಕಿಟೆಲ್ ಪಾದ್ರಿಗಳ, 1894ರಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಮಗ್ಗುಲಲ್ಲೇ ಅದಕ್ಕೆ ಜಾಗ. ಪರದೇಶದವರೊಬ್ಬರು ನಮ್ಮ ಶಬ್ದಗಳನ್ನು ಹೆಕ್ಕಿ ನಮಗೇ ಕೊಟ್ಟ ಪುಸ್ತಕದ ಪಕ್ಕದಲ್ಲಿ, ಒಡಹುಟ್ಟಿದವಳ ಶಬ್ದಗಳನ್ನು ಕದ್ದು ಪಡೆದ ಪುಸ್ತಕ. ಕಪಾಟನ್ನು ತೆರೆದಾಗಲೆಲ್ಲ ನನ್ನ ಕಣ್ಣು ಆ ಕಡೆಗೆ ಹೋಗದಂತೆ ನೋಡಿಕೊಳ್ಳುತ್ತಿದ್ದೆ.

ಕಳೆದ ಪಂಚಮಿಗೆ ನಾವೆಲ್ಲ ತಿರ್ಲಾಪುರದ ಹಳೆಯ ಮನೆಯಲ್ಲಿ ಕೂಡಿದೆವು. ಎಂಬತ್ತರ ಹತ್ತಿರವಿರುವ ಅಕ್ಕನೂ ತವರಿಗೆ ಬಂದಿದ್ದಳು. ಅಳ್ಳು, ತಂಬಿಟ್ಟು, ನಾಲ್ಕು ಬಗೆಯ ಉಂಡಿ. ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗಳು ಜೋಕಾಲಿಯಲ್ಲಿಯೂ ಕೈಯೊಳಗಿನ ಮೊಬೈಲು ಬಿಡದೆ ಏನೋ ಅಕ್ಷರದ ಆಟ ಆಡುತ್ತಿದ್ದಳು. ಅಕ್ಕ ಅವಳನ್ನು ಹತ್ತಿರ ಕರೆದು ಕೇಳಿದಳು. ಯಾವ ಅಕ್ಷರಗಳನ್ನು ಕೊಟ್ಟರೂ ಅವುಗಳಿಂದಾಗುವ ಶಬ್ದಗಳನ್ನೆಲ್ಲ ಯಂತ್ರ ಕ್ಷಣದಲ್ಲಿ ಹೇಳುತ್ತದೆಂದು ಹುಡುಗಿ ವಿವರಿಸಿದಳು. ಅದು ಹೇಗೆಂದು ಅಕ್ಕ ಬಿಡದೆ ಕೇಳಿದಳು. ಪ್ರತಿ ಶಬ್ದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಇಟ್ಟುಕೊಂಡರೆ ಹುಡುಕುವುದು ಸುಲಭ. ವಿಚಾರಣೆಯ 'ಟ್ರಯಲ್', ಕಾಲುದಾರಿಯ 'ಟ್ರೇಲ್' ಎರಡೂ ಹಾಗೆ ಜೋಡಿಸಿದಾಗ ಎ, ಐ, ಎಲ್, ಆರ್, ಟಿ ಎಂದೇ ಆಗುತ್ತವೆ. ಹೊರಗಿನ ಅಕ್ಷರ ಬಂದ ಶಬ್ದಗಳನ್ನು ಯಂತ್ರ ಆಗಲೇ ಕೈಬಿಡುತ್ತದೆ, ಎಂದಳು ಮೊಮ್ಮಗಳು. “ಹಸನ ಮಾಡಿಧಂಗ” ಎಂದಳು ಅಕ್ಕ. ಹುಡುಗಿಗೆ ಅರ್ಥವಾಗಲಿಲ್ಲ.

“ನವಲಗುಂದ ಹಾಕ ನೋಡೂಣು” ಎಂದಳು ಅಕ್ಕ.

ಪರದೆಯ ತುಂಬ ಶಬ್ದಗಳು ಬಂದವು. ಹುಡುಗಿ ಒಂದೊಂದನ್ನು ಓದುತ್ತಿದ್ದರೆ ಅಕ್ಕ ಕಣ್ಣು ಮುಚ್ಚಿ ಬೆರಳು ಮಡಿಸುತ್ತ, “ಇದು ಇತ್ತು… ಇದೂ ಇತ್ತು” ಎನ್ನುತ್ತಿದ್ದಳು. ಅರವತ್ತು ವರ್ಷಗಳ ಮೇಲೆ ಅವಳ ಪಟ್ಟಿ ಅವಳ ಬಾಯಲ್ಲಿ ಹಾಗೆಯೇ ಇತ್ತು. 'ಅಲ್ನ' ಎಂಬ ಶಬ್ದ ಬಂದಾಗ ಬೆರಳು ನಿಂತಿತು. ಮುಂಗೈಯ ಒಂದು ಎಲುಬಿನ ಹೆಸರದು. ಅಕ್ಕ ಕಣ್ಣು ತೆರೆದು, ತನ್ನ ಮುಂಗೈಯನ್ನು ಸವರಿಕೊಂಡು, ನನ್ನ ಕಡೆಗೆ ತಿರುಗಿ, “ಇದ ಇರಬೇಕು ನೋಡ ತಮ್ಮಾ. ಆ ಹುಡುಗ ಇದನ್ನ ಬರದಿರಬೇಕು” ಎಂದಳು.

ನನಗೆ ಇನ್ನು ತಡೆಯಲಾಗಲಿಲ್ಲ. ಮೊಮ್ಮಗಳ ಎದುರಿಗೇ ಹೇಳಿದೆ. “ಯಾವ ಹುಡುಗನೂ ಇರಲಿಲ್ಲಕ್ಕಾ. ಬಹುಮಾನ ಬಂದದ್ದು ನಿನ್ನ ಪಟ್ಟಿಗೆ. ಪುಸ್ತಕ ನನ್ನ ಕಡೆ ಐತಿ.”

ಜೋಕಾಲಿಯ ಹಗ್ಗದ ಸಪ್ಪಳವೊಂದೇ ಕೇಳುತ್ತಿತ್ತು. ಅಕ್ಕ ಬೈಯುವಳೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನಿಧಾನವಾಗಿ ಕೇಳಿದಳು: “ಅಂದ್ರ ನಮಗಿಂತ ಹೆಚ್ಚ ಯಾರೂ ಬರದಿರಲಿಲ್ಲ?”

“ಇಲ್ಲ. ಎರಡನೇದವಂದು ಹದಿನಾಕು.”

“ಹದಿನಾಕಾ?” ಎಂದು ಅಕ್ಕ ಮೊಮ್ಮಗಳ ಮುಖ ನೋಡಿದಳು. ಆ ಮುದಿ ಮುಖದಲ್ಲಿ ಮೂಡಿದ ಹಿಗ್ಗನ್ನು ನಾನು ನೋಡಲಾರದೆ ಹೋದೆ. ಅದು ಹದಿನೈದು ವರ್ಷದ ಹುಡುಗಿಗೆ, ಒಂದು ಶನಿವಾರ, ಅಗಸೆಯ ಬಾಗಿಲಲ್ಲಿ ಸಲ್ಲಬೇಕಾಗಿದ್ದ ಹಿಗ್ಗು. ಆಮೇಲೆ ಅವಳೆಂದಳು: “ಈ ಸಲ ಪಂಚಮಿಗೆ ನನಗ ಸೀರಿ ಬ್ಯಾಡ. ಆ ಪುಸ್ತಕ ತಂದ ಕೊಡು.” ಸ್ವಲ್ಪ ತಡೆದು ಮತ್ತೆ, “ಎಷ್ಟ ಶನಿವಾರ ಹುಡಿಕೀನಿ ಗೊತ್ತೇನ ನಿನಗ” ಎಂದು ಎದ್ದು ಒಳಗೆ ಹೋದಳು. ಆ ರಾತ್ರಿ ಅವಳು ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಪುಸ್ತಕದೊಡನೆ ನಾನು ಅಣ್ಣಿಗೇರಿಗೆ ಹೋದೆ. ಹೊರಡುವ ಮುನ್ನ ಮೊದಲ ಪುಟ ತೆರೆದೆ. ಮಾಸ್ತರರ ಕೆಂಪು ಮಸಿ ಕಂದುಬಣ್ಣಕ್ಕೆ ತಿರುಗಿತ್ತು. ನನ್ನ ಹೆಸರಿನ ಮೇಲೆ ಒಂದು ಗೀಟು ಎಳೆದು, ಕೆಳಗೆ ಅಕ್ಕನ ಹೆಸರು ಬರೆದು, 23 ಶಬ್ದಗಳೆಂದು ಸೇರಿಸಿದೆ. 'ಅನಲ್' ಎಂದರೇನೆಂದು ಅಂದು ಮಾಸ್ತರರು ಕೇಳಿದಾಗ ನಾನು ಉತ್ತರ ಕೊಟ್ಟಿರಲಿಲ್ಲ. ಅವರು ಈಗ ಕೇಳಿದ್ದರೆ ಹೇಳಬಲ್ಲೆ.

ಅಕ್ಕ ಪುಸ್ತಕವನ್ನು ಸೆರಗಿನಿಂದ ಒರಸಿದಳು. ಮೊದಲ ಪುಟವನ್ನು ನೋಡಿ ಏನೂ ಅನ್ನಲಿಲ್ಲ. ಚಹ ಕುಡಿದು ನಾನು ಎದ್ದಾಗ ಒಳಗಿನಿಂದ ಹಳೆಯ ತಗಡಿನ ಡಬ್ಬಿಯೊಂದನ್ನು ತಂದಳು. ರಟ್ಟಿನ ಚೂರುಗಳು ಇನ್ನೂ ಇದ್ದವು. ಎಷ್ಟೋ ಅಕ್ಷರಗಳು ಅಳಿಸಿಹೋಗಿ, ಮೇಲೆ ಹೊಸ ಮಸಿಯಲ್ಲಿ ತಿದ್ದಿದ್ದಳು. ಕಟ್ಟೆಯ ಮೇಲೆ ಎಂಟು ಚೂರುಗಳನ್ನು ಸಾಲಾಗಿ ಇಟ್ಟಳು: ಟಿ, ಐ, ಆರ್, ಎಲ್, ಎ, ಪಿ, ಯು, ಆರ್. ನಮ್ಮೂರ ಹೆಸರು.

“ಇದರಾಗ 'ರೂರಲ್' ಐತಿ, ಅಂದ್ರ ಹಳ್ಳಿ. 'ರಿಚ್ಯುಅಲ್' ಐತಿ. ಟುಲಿಪ್ ಅನ್ನೋ ಹೂವೂ ಐತಿ. ಉಳಿದದ್ದನ್ನ ನೀ ಹುಡಿಕ್ಕೊಂಡ ಬಾ, ಬರೂ ಶನಿವಾರ. ಮೊಬೈಲ್ ನೋಡಬ್ಯಾಡ” ಎಂದಳು.

ಇಂದು ಗುರುವಾರ. ನನಗೆ ಹನ್ನೊಂದು ಸಿಕ್ಕಿವೆ.